ಎರಡೇ ಜನರ ಬ್ಯಾಂಡಿಗೆ ಬೇಸ್ ಗಿಟಾರ್ ಆರಿಸುವುದು ಹೇಗೆ: ಕಾಸರಗೋಡಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಒಬ್ಬರ ಕೈಯಲ್ಲಿ ಬೇಸ್, ಇನ್ನೊಬ್ಬರ ಕೈಯಲ್ಲಿ ಡ್ರಮ್ಸ್. ಬ್ಯಾಂಡ್ ಅಂದರೆ ಅಷ್ಟೇ. ನಮ್ಮ ಕಡೆ ಇಂಥ ಜೋಡಿ ಹುಟ್ಟುವುದಕ್ಕೆ ದೊಡ್ಡ ಸಿದ್ಧಾಂತವೇನೂ ಬೇಡ. ಒಬ್ಬನ ಮನೆ ಉಪ್ಪಳ, ಇನ್ನೊಬ್ಬನದು ಮುಳ್ಳೇರಿಯ. ಗಿಟಾರ್ ನುಡಿಸುತ್ತಿದ್ದವನು ಗಲ್ಫಿಗೆ ಹೋಗಿ ಆಯಿತು. ಕೀಬೋರ್ಡಿನವನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು. ಉಳಿದದ್ದು ಇಬ್ಬರು. ಇನ್ನು ಯಾವ ಬೇಸ್ ತೆಗೆದುಕೊಳ್ಳುವುದು ಎಂಬ ಪ್ರಶ್ನೆ.

ಅಂಗಡಿಯಲ್ಲಿ ಕೇಳಿದರೆ ಒಳ್ಳೆಯ ಬೇಸನ್ನೇ ತೋರಿಸುತ್ತಾರೆ. ಆದರೆ ಐದು ಜನರ ಬ್ಯಾಂಡಿಗೆ ಒಳ್ಳೆಯದಾದದ್ದು ಇಬ್ಬರ ಬ್ಯಾಂಡಿಗೂ ಒಳ್ಳೆಯದು ಎಂದೇನಿಲ್ಲ. ದೊಡ್ಡ ಬ್ಯಾಂಡಿನಲ್ಲಿ ಬೇಸ್ ಕೆಳಗೆ ಕೂತು ಹಾಡನ್ನು ಹೊತ್ತರೆ ಸಾಕು. ಇಲ್ಲಿ ಕೆಳಗೂ ಅದೇ ಇರಬೇಕು, ಗಿಟಾರ್ ಇರಬೇಕಾದ ಮೇಲಿನ ಜಾಗಕ್ಕೂ ಅದೇ ಬರಬೇಕು. ಹಾಗಾಗಿ ನಾನು ಯಾವ ಬೇಸ್ ಎತ್ತಿಕೊಂಡರೂ ಕೇಳುವ ಪ್ರಶ್ನೆ ಒಂದೇ: ಡಿಸ್ಟಾರ್ಶನ್ (ನಾದವನ್ನು ಬೇಕೆಂದೇ ಒಡೆದು ಒರಟು ಮಾಡುವ ಪೆಡಲ್) ಹಾಕಿ, ಎರಡು ಸ್ವರ ಒಟ್ಟಿಗೆ ಮೀಟಿ, ಪಕ್ಕದಲ್ಲಿ ಡ್ರಮ್ಸ್ ಬಾರಿಸುತ್ತಿರುವಾಗ ಈ ಎರಡೂ ಸ್ವರ ಬೇರೆ ಬೇರೆಯಾಗಿ ಕೇಳುತ್ತವೆಯೇ? ಕೆಳಗೆ ಬರುವ ಎಲ್ಲ ಹಂತಗಳೂ ಈ ಪ್ರಶ್ನೆಗಾಗಿಯೇ ಇವೆ.

ಹಂತ 1: ಅಂಗಡಿಗೆ ಹೋಗುವ ಮೊದಲು ಕೂತು ಮಾತಾಡಿ

ಇಬ್ಬರೇ ಇರುವ ಬ್ಯಾಂಡುಗಳೆಲ್ಲ ಒಂದೇ ರೀತಿ ಕೇಳುವುದಿಲ್ಲ. ಬ್ರಿಟನ್ನಿನ ರಾಯಲ್ ಬ್ಲಡ್‌ನಲ್ಲಿ ಮೈಕ್ ಕೆರ್ ಬೇಸ್ ನುಡಿಸುತ್ತಲೇ ಹಾಡುತ್ತಾರೆ, ಬೆನ್ ಥ್ಯಾಚರ್ ಡ್ರಮ್ಸ್. 2014ರಲ್ಲಿ ಬಂದ ಅವರ ಮೊದಲ ಆಲ್ಬಂ ಕೇಳಿದರೆ ಒಳಗೆ ಗಿಟಾರ್ ಉಂಟು ಅಂತಲೇ ಅನಿಸುತ್ತದೆ. ಟೊರೊಂಟೊದ ಡೆತ್ ಫ್ರಮ್ ಅಬೋವ್ 1979ರಲ್ಲಿ ಹಾಡುವವರು ಡ್ರಮ್ಮರ್ ಸೆಬಾಸ್ಟಿಯನ್ ಗ್ರೇಂಜರ್. ಬೇಸ್ ನುಡಿಸುವ ಜೆಸ್ಸಿ ಕೀಲರ್‌ಗೆ ಕೈಕಾಲು ಆಡಿಸಲು ಜಾಗ ಸಿಗುತ್ತದೆ. ಅಮೆರಿಕದ ಲೈಟ್ನಿಂಗ್ ಬೋಲ್ಟ್‌ನ ಬ್ರಯಾನ್ ಗಿಬ್ಸನ್ ಬೇಸನ್ನು ಚೆಲ್ಲೋದ ಹಾಗೆ ಸ-ಪ ಅಂತರದಲ್ಲಿ ಶ್ರುತಿ ಮಾಡಿ, ಮೇಲಿನ ತಂತಿಯ ಜಾಗಕ್ಕೆ ಬ್ಯಾಂಜೋ ತಂತಿ ಹಾಕುತ್ತಾರೆ. ಇನ್ನು ಓಮ್ ಎಂಬ ಬ್ಯಾಂಡ್. 2003ರಲ್ಲಿ ಶುರುವಾದಾಗ ಅದು ಬರೀ ಬೇಸ್ ಮತ್ತು ಡ್ರಮ್ಸ್. ಆಲ್ ಸಿಸ್ನೆರೊಸ್ ರಿಕನ್‌ಬ್ಯಾಕರ್ ಬೇಸ್ ಹಿಡಿದು ಒಂದೇ ಎಳೆಯನ್ನು ನಿಧಾನವಾಗಿ ಸುತ್ತಿಸುತ್ತಾ ಹೋಗುತ್ತಾರೆ. ಖಾಲಿ ಜಾಗ ತುಂಬುವ ಅವಸರವೇ ಇಲ್ಲ.

ಹಾಗಾಗಿ ಮೊದಲು ನಿಮ್ಮ ನಾಲ್ಕೈದು ಹಾಡು ಮುಂದಿಟ್ಟುಕೊಂಡು ಮೂರು ವಿಷಯ ತೀರ್ಮಾನಿಸಿ. ಗಿಟಾರಿನ ಜಾಗವನ್ನು ತುಂಬಬೇಕೋ, ಖಾಲಿ ಬಿಡಬೇಕೋ? ಹಾಡುವವರು ಯಾರು? ಶ್ರುತಿ ಎಷ್ಟು?

ಮೂರನೆಯದನ್ನು ಜನ ಮರೆಯುತ್ತಾರೆ. ಬೇಸಿನ ಕೆಳಗಿನ ತಂತಿ ಇ, ಅಂದರೆ ಹಾರ್ಮೋನಿಯಂನ ಬಿಳಿ ಮೂರು. ಹಾಡುವವರ ಶ್ರುತಿ ಕಪ್ಪು ಎರಡು ಆದರೆ ಅದು ಡಿ ಶಾರ್ಪ್. ಬೇಸನ್ನು ಅರ್ಧ ಸ್ವರ ಇಳಿಸಿದರೆ ತೆರೆದ ಕೆಳತಂತಿಯೇ ಷಡ್ಜ ಆಗುತ್ತದೆ. ಇಬ್ಬರೇ ಇರುವಾಗ ಇದು ದೊಡ್ಡ ಲಾಭ. ಷಡ್ಜವನ್ನು ತೆರೆದ ತಂತಿಯಲ್ಲಿ ಗುಂಯ್ಗುಡಲು ಬಿಟ್ಟು ಮೇಲಿನ ತಂತಿಗಳಲ್ಲಿ ರಾಗದ ಎಳೆ ಹಿಡಿಯಬಹುದು. ಶ್ರುತಿ ಕಪ್ಪು ಒಂದು ಆದರೆ ಕೆಳತಂತಿಯನ್ನು ಸಿ ಶಾರ್ಪಿಗೆ, ಅಂದರೆ 41 ಹರ್ಟ್ಸ್‌ನಿಂದ ಸುಮಾರು 35 ಹರ್ಟ್ಸ್‌ಗೆ ಇಳಿಸಬೇಕು. ಆಗ ಮಾಮೂಲಿ ತಂತಿ ಸಡಿಲವಾಗಿ ಫ್ರೆಟ್ಟಿಗೆ, ಅಂದರೆ ಬೇಸಿನ ಕುತ್ತಿಗೆಯ (ನೆಕ್) ಮೇಲೆ ಅಡ್ಡ ಕೂರಿಸಿದ ಲೋಹದ ಪಟ್ಟಿಗೆ, ಬಡಿಯುತ್ತದೆ. ದಪ್ಪ ತಂತಿ ಬೇಕು, ಅದನ್ನು ತಡೆದುಕೊಳ್ಳುವ ಉದ್ದದ ನೆಕ್ಕೂ ಬೇಕು. ಶ್ರುತಿ ಗೊತ್ತಿಲ್ಲದೆ ಬೇಸ್ ತೆಗೆದುಕೊಂಡರೆ ಮುಂದಿನ ಹಂತದಲ್ಲೇ ಎಡವುತ್ತೀರಿ.

ಹಂತ 2: ಉದ್ದ

ನಟ್‌ನಿಂದ (ತಲೆಯ ಬಳಿ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ವರೆಗೆ (ಬಾಡಿಯ ಮೇಲೆ ತಂತಿ ಕೂರುವ ಜಾಗ) ತಂತಿ ಅದುರುವ ಭಾಗದ ಉದ್ದವನ್ನು ಸ್ಕೇಲ್ ಎನ್ನುತ್ತಾರೆ. ಮಾಮೂಲಿ ಬೇಸ್ 34 ಇಂಚು. ಶಾರ್ಟ್ ಸ್ಕೇಲ್ ಅಂದರೆ ಸುಮಾರು 30 ಇಂಚು. ನಡುವೆ 32 ಇಂಚಿನವೂ ಸಿಗುತ್ತವೆ, ಆದರೆ ಕಡಿಮೆ.

ಒಂದೇ ಸ್ವರಕ್ಕೆ ಉದ್ದದ ಬೇಸಿನಲ್ಲಿ ತಂತಿ ಹೆಚ್ಚು ಬಿಗಿಯಾಗಿರುತ್ತದೆ. ಬಿಗಿ ಇದ್ದರೆ ಕೆಳಸ್ವರ ಸ್ಪಷ್ಟ, ಮೇಲಿನ ಹಾರ್ಮೋನಿಕ್ಸ್ (ಮೂಲಸ್ವರದ ಜೊತೆಗೇ ಕೇಳುವ ಉಪಸ್ವರಗಳು) ಚೊಕ್ಕ. ಶ್ರುತಿ ಇಳಿಸಿದರೂ ಸ್ವರ ಕಲಸಿ ಹೋಗುವುದಿಲ್ಲ. ಶಾರ್ಟ್ ಸ್ಕೇಲಿನಲ್ಲಿ ತಂತಿ ಸಡಿಲ, ನಾದ ದುಂಡಗೆ, ಫ್ರೆಟ್ಟುಗಳು ಹತ್ತಿರ ಹತ್ತಿರ. ಎರಡು ಮೂರು ಸ್ವರ ಒಟ್ಟಿಗೆ ಹಿಡಿಯುವುದು, ತಂತಿ ಎಳೆದು ಗಮಕ ತೆಗೆಯುವುದು ಬಹಳ ಸುಲಭ. ಹಾಡುತ್ತಾ ನುಡಿಸುವವರಿಗೆ ಇದು ಸಣ್ಣ ವಿಷಯವಲ್ಲ. ಮೈಕ್ ಕೆರ್ ಹಿಡಿದದ್ದೂ ಗ್ರೆಚ್ ಕಂಪನಿಯ 30 ಇಂಚಿನ ಬೇಸೇ.

ನನ್ನ ಲೆಕ್ಕ ಹೀಗೆ. ಇ ಅಥವಾ ಡಿ ಶಾರ್ಪಿನಲ್ಲಿ ಇರುತ್ತೀರಿ, ನೀವೇ ಹಾಡುತ್ತೀರಿ, ಜೊತೆಸ್ವರ ಜಾಸ್ತಿ ಹಿಡಿಯುತ್ತೀರಿ ಅಂದರೆ 30 ಇಂಚು ಧೈರ್ಯವಾಗಿ ತೆಗೆದುಕೊಳ್ಳಿ. ಅದಕ್ಕಿಂತ ಕೆಳಗೆ ಶ್ರುತಿ ಇಳಿಸುತ್ತೀರಿ, ಅಥವಾ ಮುಂದೆ ಬೇರೆ ಬ್ಯಾಂಡಿನಲ್ಲೂ ನುಡಿಸುವ ಯೋಚನೆ ಉಂಟು ಅಂದರೆ 34 ಇಂಚು. ಐಬನೇಜ್ ಮೈಕ್ರೋದಂಥ 28.6 ಇಂಚಿನ ಬೇಸ್ ಮಕ್ಕಳಿಗೆ ಕಲಿಯಲು ಒಳ್ಳೆಯದು. ಈ ಕೆಲಸಕ್ಕೆ ಅದರ ಕೆಳತಂತಿ ತೀರಾ ಸಡಿಲ.

ಒಂದು ಎಚ್ಚರಿಕೆ. ಶಾರ್ಟ್ ಸ್ಕೇಲ್ ಬೇಸಿಗೆ ಅದರದೇ ಉದ್ದದ ತಂತಿ ಬೇಕು. ಕಾಸರಗೋಡಿನಲ್ಲಿ ಬೇಕೆಂದಾಗ ಅದು ಸಿಗುತ್ತದೆ ಎಂದುಕೊಳ್ಳಬೇಡಿ. ಬೇಸಿನ ಜೊತೆಗೇ ಎರಡು ಸೆಟ್ ತರಿಸಿ ಇಟ್ಟುಕೊಳ್ಳಿ.

ಹಂತ 3: ಪಿಕಪ್, ಅಂದರೆ ಅರ್ಧ ತೀರ್ಪು ಇಲ್ಲೇ

ತಂತಿಯ ಅದುರುವಿಕೆಯನ್ನು ಕರೆಂಟಿನ ಸಿಗ್ನಲ್ ಮಾಡುವ ಪಿಕಪ್ ಬ್ರಿಡ್ಜಿಗೆ ಹತ್ತಿರ ಇದ್ದಷ್ಟೂ ಮೇಲಿನ ಹಾರ್ಮೋನಿಕ್ಸ್ ಜಾಸ್ತಿ, ಕೆಳನಾದ ಕಡಿಮೆ. ನೆಕ್ಕಿನ ಕಡೆ ಹೋದಷ್ಟೂ ಇದರ ಉಲ್ಟಾ. ಇಬ್ಬರ ಬ್ಯಾಂಡಿಗೆ ಎರಡೂ ಬೇಕು. ಆದ್ದರಿಂದ ಎರಡು ಪಿಕಪ್ ಇರುವ ಬೇಸ್ ನೋಡುವುದು ಜಾಣತನ.

ಫೆಂಡರ್ ಕಂಪನಿ ಪ್ರಿಸಿಷನ್ ಬೇಸ್ ತಂದದ್ದು 1951ರಲ್ಲಿ. ಈಗ ನಾವು ನೋಡುವ, ಎರಡು ತುಂಡಾಗಿ ಕಾಣುವ ಅದರ ಪಿಕಪ್ ಬಂದದ್ದು 1957ರಲ್ಲಿ. ಇದನ್ನು ಪಿ ಪಿಕಪ್ ಎನ್ನುತ್ತಾರೆ. ಎರಡು ತುಂಡುಗಳ ಸುರುಳಿ ಒಂದಕ್ಕೊಂದು ಉಲ್ಟಾ ಇರುವುದರಿಂದ ಹಮ್, ಅಂದರೆ ಕರೆಂಟಿನ ಗುಯ್ ಸದ್ದು, ಬರುವುದಿಲ್ಲ. ನಾದ ಗಟ್ಟಿ, ನಡುಭಾಗ ತುಂಬಿರುತ್ತದೆ, ಡಿಸ್ಟಾರ್ಶನ್ ಹಾಕಿದರೂ ಕುಸಿಯುವುದಿಲ್ಲ. 1960ರಲ್ಲಿ ಬಂದ ಜಾಝ್ ಬೇಸಿನಲ್ಲಿ ಎರಡು ಸಿಂಗಲ್ ಕಾಯಿಲ್, ಅಂದರೆ ಒಂದೊಂದೇ ಸುರುಳಿಯ ಪಿಕಪ್. ಎರಡೂ ಪೂರ್ತಿ ತೆರೆದಾಗ ಹಮ್ ಇಲ್ಲ. ಒಂದನ್ನು ತಗ್ಗಿಸಿದ ತಕ್ಷಣ ಗುಯ್ ಅಂತ ಶುರು. ಮ್ಯೂಸಿಕ್ ಮ್ಯಾನ್ ಕಂಪನಿಯ 1976ರ ಸ್ಟಿಂಗ್‌ರೇಯಲ್ಲಿ ಬ್ರಿಡ್ಜ್ ಕಡೆಗೆ ಒಂದು ದಪ್ಪ ಹಂಬಕರ್ (ಹಮ್ ತಡೆಯುವ ಜೋಡಿ ಸುರುಳಿಯ ಪಿಕಪ್). ಪಿಕ್ ಹಿಡಿದು ಬಾರಿಸುವವರಿಗೆ ಅದರ ಏಟು ಚೆನ್ನಾಗಿ ಹೊಂದುತ್ತದೆ.

ಹಮ್ ಬಗ್ಗೆ ಇಷ್ಟು ಹೇಳಲು ಕಾರಣ ನಮ್ಮ ವೇದಿಕೆಗಳು. ಕ್ಲಬ್ಬಿನ ವಾರ್ಷಿಕೋತ್ಸವ, ಉತ್ಸವದ ಗಾನಮೇಳ, ಕಾಲೇಜ್ ಡೇ. ವೇದಿಕೆಯ ಸುತ್ತ ಮಾಲೆ ಬಲ್ಬು, ಡಿಮ್ಮರ್, ಎಲ್ಇಡಿ ಲೈಟು, ಹಿಂದೆ ಜನರೇಟರ್. ಸಿಂಗಲ್ ಕಾಯಿಲ್ ಇವೆಲ್ಲವನ್ನೂ ಹಿಡಿಯುತ್ತದೆ. ಡಿಸ್ಟಾರ್ಶನ್ ಪೆಡಲ್ ಅದನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ. ಐದು ಜನರ ಬ್ಯಾಂಡಿನಲ್ಲಿ ಈ ಗುಯ್ಗುಡುವಿಕೆ ಮುಚ್ಚಿ ಹೋಗಬಹುದು. ಇಬ್ಬರೇ ಇದ್ದರೆ ಡ್ರಮ್ಸ್ ನಿಂತಾಗಲೆಲ್ಲ ಸಭೆಯ ಕೊನೆಯ ಸಾಲಿಗೂ ಕೇಳುತ್ತದೆ.

ಆದ್ದರಿಂದ ಮೊದಲ ಬೇಸಿಗೆ ನನ್ನ ಆಯ್ಕೆ ಪಿಜೆ: ನಡುವೆ ಪಿ, ಬ್ರಿಡ್ಜ್ ಬಳಿ ಜಾಝ್ ಪಿಕಪ್. ಪಿ ಮಾತ್ರ ಹಾಕಿದರೆ ಹಮ್ ಇಲ್ಲದ ಗಟ್ಟಿ ನಾದ. ಜೆ ಸ್ವಲ್ಪ ಬೆರೆಸಿದರೆ ಮೇಲ್ಭಾಗಕ್ಕೆ ಹರಿತ. ಜೆ ಒಂದನ್ನೇ ಹಾಕಿದಾಗ ಹಮ್ ಬರುತ್ತದೆ ಎನ್ನುವುದು ನೆನಪಿರಲಿ. ಯಮಾಹಾ ಟಿಆರ್‌ಬಿಎಕ್ಸ್ 174, ಸ್ಕ್ವೈಯರ್ ಅಫಿನಿಟಿ ಪಿಜೆ, ಕೋರ್ಟ್ ಆಕ್ಷನ್ ಪಿಜೆ ಇವೆಲ್ಲ ಈ ಜಾತಿಯವು, ಮೊದಲ ಬೇಸಾಗಿ ಕೊಳ್ಳುವಂಥವು. ಎರಡು ಹಂಬಕರ್ ಬೇಕು ಅಂದರೆ ಯಮಾಹಾ ಟಿಆರ್‌ಬಿಎಕ್ಸ್ 304 ನೋಡಬಹುದು, ಅದು ಆಕ್ಟಿವ್.

ಆಕ್ಟಿವ್ ಎಂದರೆ ಒಳಗೆ ಪ್ರಿಆಂಪ್ (ಸಿಗ್ನಲ್ ಹಿಗ್ಗಿಸುವ ಸಣ್ಣ ಸರ್ಕ್ಯೂಟ್), ಅದಕ್ಕೆ 9 ವೋಲ್ಟಿನ ಬ್ಯಾಟರಿ. ಕೇಬಲ್ ಚುಚ್ಚಿಟ್ಟಷ್ಟು ಹೊತ್ತೂ ಬ್ಯಾಟರಿ ಕರಗುತ್ತಾ ಇರುತ್ತದೆ. ಮುಗಿಯುತ್ತಾ ಬಂದಾಗ ನಾದ ಒಡೆಯುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ಅಡೂರಿನ ಉತ್ಸವದಲ್ಲಿ 9 ವೋಲ್ಟಿನ ಬ್ಯಾಟರಿ ಎಲ್ಲಿಂದ ತರುತ್ತೀರಿ ಮಾರಾಯ್ರೆ? ಪೆಡಲ್ ಜಾಸ್ತಿ ಬಳಸುವವರಿಗೆ ಪ್ಯಾಸಿವ್, ಅಂದರೆ ಬ್ಯಾಟರಿ ಇಲ್ಲದ ಬೇಸೇ ಸಾಕು. ನಾದ ತಿದ್ದುವ ಕೆಲಸ ಹೇಗೂ ಪೆಡಲಿನಲ್ಲಿ ನಡೆಯುತ್ತದೆ. ಆಕ್ಟಿವ್ ಇಷ್ಟವಾದರೆ ಪ್ಯಾಸಿವ್‌ಗೆ ಬದಲಿಸುವ ಸ್ವಿಚ್ ಇರುವುದನ್ನು ತೆಗೆದುಕೊಳ್ಳಿ.

ಹಂತ 4: ತಂತಿ ನಾಲ್ಕೋ ಐದೋ

ನಾಲ್ಕು. ಐದು ತಂತಿಯ ಬೇಸಿನ ಕೆಳಗಿನ ಬಿ ಸುಮಾರು 31 ಹರ್ಟ್ಸ್. ನಮ್ಮ ಸಣ್ಣ ಕಾರ್ಯಕ್ರಮಗಳ ಮೈಕ್‌ಸೆಟ್ ಅದನ್ನು ಕೊಡುವುದೇ ಇಲ್ಲ. ಇ ತಂತಿಯ 41 ಹರ್ಟ್ಸ್ ಕೂಡ ಅಷ್ಟಾಗಿ ಬರುವುದಿಲ್ಲ, ನಮಗೆ ಕೇಳುವುದು ಅದರ ದುಪ್ಪಟ್ಟು, ಅಂದರೆ 82 ಹರ್ಟ್ಸ್‌ನ ಹಾರ್ಮೋನಿಕ್. ದುಡ್ಡು ಕೊಟ್ಟು ಕೇಳದ ಸ್ವರ ಕೊಳ್ಳುವುದು ಯಾಕೆ? ಮೇಲೊಂದು ತೆಳು ತಂತಿ ಬರುವ ಹಾಗೆ ಐದು ತಂತಿ ಕಟ್ಟಿಕೊಳ್ಳುವವರು ಇದ್ದಾರೆ. ಅದು ಬೇರೆ ಮಾತು, ಜೊತೆಸ್ವರಕ್ಕೆ ಒಳ್ಳೆಯದು, ಆದರೆ ಮೊದಲ ಬೇಸಿಗೆ ಬೇಡ.

ತಂತಿಯ ದಪ್ಪ 45ರಿಂದ 105ರ (ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಸೆಟ್ ಮಾಮೂಲಿ. ಶ್ರುತಿ ಇಳಿಸುವವರು ಕೆಳಗೆ 110 ಅಥವಾ ಅದಕ್ಕಿಂತ ದಪ್ಪದ್ದು ಹಾಕಲಿ. ರೌಂಡ್‌ವೌಂಡ್ ತಂತಿಯೇ ಇರಲಿ. ನಯವಾದ ಫ್ಲಾಟ್‌ವೌಂಡ್‌ನಲ್ಲಿ ನಮಗೆ ಬೇಕಾದ ಮೇಲ್ಭಾಗವೇ ಸಿಗುವುದಿಲ್ಲ.

ನೆಕ್ಕಿನ ಅಗಲ ಕೈಗೆ ಬಿಟ್ಟದ್ದು. ಜಾಝ್ ಬೇಸಿನ ನಟ್ ಸುಮಾರು 38 ಮಿ.ಮೀ., ಪ್ರಿಸಿಷನ್ ಅದಕ್ಕಿಂತ ಅಗಲ. ಹಾಡುತ್ತಾ ನುಡಿಸುವವರಿಗೆ ಸಪೂರ ನೆಕ್ ಹಿತ. ತೂಕವನ್ನೂ ನೋಡಿ. ನಾಲ್ಕೂವರೆ ಕಿಲೋ ಬೇಸ್ ಅಂಗಡಿಯಲ್ಲಿ ಹತ್ತು ನಿಮಿಷ ಹಗುರ, ವೇದಿಕೆಯಲ್ಲಿ ಒಂದೂವರೆ ಗಂಟೆ ನಿಂತರೆ ಹೆಗಲು ಹೇಳುತ್ತದೆ. ಬೆಲ್ಟ್ ಹಾಕಿ ಎರಡೂ ಕೈ ಬಿಟ್ಟು ನಿಂತು ನೋಡಿ. ತಲೆ ಭಾಗ ನೆಲದ ಕಡೆ ಜಾರಿದರೆ ಆ ಬೇಸ್ ಬಿಡಿ.

ಹಂತ 5: ಅಂಗಡಿಯಲ್ಲಿ ಪರೀಕ್ಷೆ

ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ಆನ್‌ಲೈನಿನಲ್ಲಿ ಒಂದೆರಡು ಸಾವಿರ ಉಳಿಯುತ್ತದೆ ಅಂತ ಕಣ್ಣು ಮುಚ್ಚಿ ತರಿಸುವುದಕ್ಕಿಂತ ಒಂದು ದಿನ ರೈಲು ಹತ್ತಿ ಹೋಗಿ ಕೈಯಲ್ಲಿ ಹಿಡಿದು ನೋಡುವುದು ಮೇಲು. ಒಂದೇ ಮಾಡೆಲಿನ ಎರಡು ಬೇಸ್ ಒಂದೇ ಥರ ಇರುವುದಿಲ್ಲ. ಡ್ರಮ್ಮರನ್ನೂ ಕರೆದುಕೊಂಡು ಹೋಗಿ. ಬೇಸಿನ ಅರ್ಧ ಅವರದೂ ಹೌದು ಅಲ್ವಾ. ನಿಮ್ಮ ಡಿಸ್ಟಾರ್ಶನ್ ಮತ್ತು ಆಕ್ಟೇವ್ (ಸ್ವರದ ಸ್ಥಾಯಿ ಬದಲಿಸುವ) ಪೆಡಲ್ ಇದ್ದರೆ ಚೀಲಕ್ಕೆ ಹಾಕಿಕೊಳ್ಳಿ.

ಮೊದಲು ಆಂಪ್ (ಆಂಪ್ಲಿಫೈಯರ್) ಇಲ್ಲದೆ ನುಡಿಸಿ. ಬೇಸಿನ ಬಾಡಿಯ ಮೇಲೆ ಕಿವಿ ಇಟ್ಟರೆ ಪ್ರತಿ ಫ್ರೆಟ್ಟಿನಲ್ಲೂ ಸ್ವರ ಒಂದೇ ಹೊತ್ತು ನಿಲ್ಲುತ್ತದೆಯೇ ಎಂದು ಗೊತ್ತಾಗುತ್ತದೆ. ಜಿ ತಂತಿಯ 5ರಿಂದ 7ನೇ ಫ್ರೆಟ್ಟಿನ ಆಸುಪಾಸಿನಲ್ಲಿ ಹಲವು ಬೇಸ್‌ಗಳಲ್ಲಿ ಒಂದು ಸತ್ತ ಸ್ವರ ಇರುತ್ತದೆ. ಸ್ವಲ್ಪ ಇದ್ದರೆ ಸಹಿಸಬಹುದು. ನಿಮ್ಮ ಷಡ್ಜವೋ ಪಂಚಮವೋ ಅಲ್ಲೇ ಬೀಳುತ್ತದೆ ಅಂದರೆ ಬೇಡ.

ಆಮೇಲೆ ನೆಕ್. ಬಾಡಿಯ ಕಡೆಯಿಂದ ಬಂದೂಕಿಗೆ ಗುರಿ ಇಟ್ಟ ಹಾಗೆ ಒಂದು ಕಣ್ಣಲ್ಲಿ ನೋಡಿ. ಸಣ್ಣ ಬಾಗು ಇರಲೇಬೇಕು. ತಿರುಚಿಕೊಂಡಿದ್ದರೆ ರಿಪೇರಿ ಇಲ್ಲ. ಒಂದನೇ ಫ್ರೆಟ್ಟನ್ನೂ ನೆಕ್ ಬಾಡಿಯನ್ನು ಸೇರುವಲ್ಲಿನ ಫ್ರೆಟ್ಟನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. 7ನೇ ಫ್ರೆಟ್ಟಿನ ಬಳಿ ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ನುಸುಳುವಷ್ಟು, ಅಂದರೆ ಸುಮಾರು 0.3 ಮಿ.ಮೀ. ಸಂದು ಇದ್ದರೆ ಸರಿ. ಅಂಗಡಿಯವರನ್ನು ಕೇಳಿ ಟ್ರಸ್ ರಾಡ್ (ಬಾಗು ಸರಿಪಡಿಸಲು ನೆಕ್ಕಿನೊಳಗೆ ಇರುವ ಲೋಹದ ಸರಳು) ಎರಡೂ ಕಡೆ ತಿರುಗುತ್ತದೆಯೇ ಎಂದು ತೋರಿಸಿಕೊಳ್ಳಿ. ನಮ್ಮ ಮಳೆಗಾಲಕ್ಕೆ ಅದು ಬೇಕೇ ಬೇಕು.

ಮುಂದಿನದು ಇಬ್ಬರ ಬ್ಯಾಂಡಿಗೆ ಬಹಳ ಮುಖ್ಯ. 12ನೇ ಫ್ರೆಟ್ಟಿನ ಮೇಲೆ ಬೆರಳು ತಾಗಿಸಿ ಹಾರ್ಮೋನಿಕ್ ತೆಗೆಯಿರಿ, ಆಮೇಲೆ ಅದೇ ಫ್ರೆಟ್ ಒತ್ತಿ ಮೀಟಿ. ಟ್ಯೂನರಿನಲ್ಲಿ ಎರಡೂ ಒಂದೇ ಇರಬೇಕು. ವ್ಯತ್ಯಾಸ ಇದ್ದರೆ ಬ್ರಿಡ್ಜಿನ ಸ್ಕ್ರೂ ತಿರುಗಿಸಿ ಸರಿ ಮಾಡಬಹುದು. ಸ್ಕ್ರೂ ತುದಿಗೆ ಬಂದರೂ ಸರಿಯಾಗದಿದ್ದರೆ ಬಿಡಿ. ಒಂದೊಂದೇ ಸ್ವರ ನುಡಿಸುವವರಿಗೆ ಸ್ವಲ್ಪ ಅಪಸ್ವರ ಗೊತ್ತೇ ಆಗುವುದಿಲ್ಲ. ಜೊತೆಸ್ವರಕ್ಕೆ ಡಿಸ್ಟಾರ್ಶನ್ ಹಾಕಿದಾಗ ಅದೇ ಅಪಸ್ವರ ಹಲ್ಲು ಜುಮ್ ಎನ್ನಿಸುತ್ತದೆ.

ಈಗ ಆಂಪ್. ಎ ತಂತಿಯ 5ನೇ ಫ್ರೆಟ್ ಮತ್ತು ಡಿ ತಂತಿಯ 7ನೇ ಫ್ರೆಟ್ ಒಟ್ಟಿಗೆ ಹಿಡಿಯಿರಿ. ಸ ಮತ್ತು ಪ. ಡಿಸ್ಟಾರ್ಶನ್ ಹಾಕಿ ಮೀಟಿ. ಎರಡೂ ಸ್ವರ ಕೇಳಬೇಕು. ಆಮೇಲೆ ಇ ತಂತಿಯ 3ನೇ ಫ್ರೆಟ್ ಜೊತೆ ಜಿ ತಂತಿಯ 4ನೇ ಫ್ರೆಟ್. ಇದು ಷಡ್ಜ ಮತ್ತು ಮೇಲಿನ ಸ್ಥಾಯಿಯ ಗಾಂಧಾರ. ಗಾಂಧಾರವನ್ನು ಕೆಳ ಸ್ಥಾಯಿಯಲ್ಲೇ ಹಿಡಿದರೆ ಕೆಸರಾಗುತ್ತದೆ, ಹೀಗೆ ದೂರ ಇಟ್ಟರೆ ಬೇಸ್ ಒಂದರಲ್ಲೇ ಇಡೀ ಸ್ವರಮೇಳದ ಬಣ್ಣ ಬರುತ್ತದೆ. ಇಬ್ಬರ ಬ್ಯಾಂಡಿನಲ್ಲಿ ನೀವು ದಿನಾ ಹಿಡಿಯುವ ಹಿಡಿತ ಇದು. ಯಾವ ಬೇಸ್ ಇದನ್ನು ಚೊಕ್ಕವಾಗಿ ಕೊಡುತ್ತದೋ ಅದನ್ನು ಕೊಳ್ಳಲು ಎತ್ತಿಡಿ.

ಅಂಗಡಿಯಲ್ಲಿ ಡ್ರಮ್ ಸೆಟ್ ಇದ್ದರೆ ಡ್ರಮ್ಮರ್ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಮಾತ್ರ ಬಾರಿಸಲಿ, ನೀವು ಕೆಳಸ್ವರ ನುಡಿಸಿ. ಕಿಕ್‌ನ ಗುಂಡು ನಾದ ಹೆಚ್ಚಾಗಿ 50ರಿಂದ 70 ಹರ್ಟ್ಸ್ ನಡುವೆ. ಬೇಸಿನ ಕೆಳಸ್ವರಗಳೂ ಅಲ್ಲೇ. ತೆಂಕುತಿಟ್ಟಿನ ಹಿಮ್ಮೇಳದಲ್ಲಿ ಚೆಂಡೆ ಮೇಲೆ ಸೀಳಿಕೊಂಡು ಹೋಗುತ್ತದೆ, ಮದ್ದಳೆ ಕೆಳಗೆ ತುಂಬುತ್ತದೆ, ಜಾಗಕ್ಕೆ ಜಗಳವಿಲ್ಲ. ಕಿಕ್ ಮತ್ತು ಬೇಸ್ ನಡುವೆಯೂ ಅಂಥದೇ ಒಪ್ಪಂದ ಬೇಕು. ಕಿಕ್ ಗುಂಡಗೆ ಇದ್ದರೆ ಬೇಸ್ 80ರಿಂದ 120ರ ಕಡೆ ಗಟ್ಟಿ ಇರಲಿ. ಕಿಕ್ ಒಣಗಿ ಟಪ್ ಅನ್ನುವಂತಿದ್ದರೆ ಕೆಳಗಿನ ಜಾಗವನ್ನು ಬೇಸಿಗೆ ಬಿಡಿ.

ಹಳೆಯ ಬೇಸ್ ಕೊಳ್ಳುವವರು ಇದರ ಜೊತೆ ಇನ್ನು ಸ್ವಲ್ಪ ನೋಡಿ. ವಾಲ್ಯೂಮ್, ಟೋನ್ ಗುಬ್ಬಿಗಳನ್ನು (ನಾಬ್) ತಿರುಗಿಸಿದಾಗ ಕರಕರ ಬಂದರೆ ಪರವಾಗಿಲ್ಲ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೋಗುತ್ತದೆ. ಟ್ರಸ್ ರಾಡಿನ ತಲೆ ಸವೆದು ಕೀ ಜಾರಿದರೆ, ಫ್ರೆಟ್ಟುಗಳಲ್ಲಿ ಆಳವಾದ ಗೀರು ಬಿದ್ದಿದ್ದರೆ, ನೆಕ್ ಸೇರುವ ಜಾಗದಲ್ಲಿ ಬಿರುಕು ಇದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ಕರಾವಳಿಯಲ್ಲೇ ಇದ್ದ ಬೇಸ್ ಆದರೆ ಬ್ರಿಡ್ಜಿನ ಸಣ್ಣ ಸ್ಕ್ರೂಗಳು ತುಕ್ಕು ಹಿಡಿದು ಕೂತಿರುತ್ತವೆ. ಒಂದೊಂದನ್ನೂ ತಿರುಗಿಸಿ ನೋಡಿ.

ಹಂತ 6: ದುಡ್ಡನ್ನು ಎರಡು ಭಾಗ ಮಾಡಿ

ಇದ್ದ ದುಡ್ಡೆಲ್ಲ ಬೇಸಿಗೇ ಸುರಿಯಬೇಡಿ. ಕೈಯಲ್ಲಿ ನೂರು ರೂಪಾಯಿ ಇದ್ದರೆ ಬೇಸಿಗೆ ನಲವತ್ತು ಸಾಕು, ಉಳಿದದ್ದು ಆಂಪ್ ಮತ್ತು ಪೆಡಲಿಗೆ ಎಂಬುದು ನನ್ನ ಅಭಿಪ್ರಾಯ. ಇಬ್ಬರ ಬ್ಯಾಂಡಿನ ನಾದ ಅರ್ಧಕ್ಕಿಂತ ಜಾಸ್ತಿ ಹುಟ್ಟುವುದು ಕೇಬಲಿನ ಆಚೆ ಕಡೆ.

ಕೆಲಸ ಹೀಗೆ ನಡೆಯುತ್ತದೆ. ಬೇಸಿನಿಂದ ಬಂದ ಸಿಗ್ನಲನ್ನು ಎರಡು ದಾರಿ ಮಾಡುತ್ತೀರಿ. ಒಂದು ದಾರಿ ಶುದ್ಧವಾಗಿ ಬೇಸ್ ಆಂಪಿಗೆ. ಇನ್ನೊಂದರಲ್ಲಿ ಆಕ್ಟೇವ್ ಪೆಡಲ್ ಸ್ವರವನ್ನು ಒಂದು ಸ್ಥಾಯಿ ಮೇಲಕ್ಕೆ ಎತ್ತುತ್ತದೆ, ಆಮೇಲೆ ಡಿಸ್ಟಾರ್ಶನ್, ಆಮೇಲೆ ಗಿಟಾರ್ ಆಂಪ್. ಬೇಸಿನ ಇ 41 ಹರ್ಟ್ಸ್, ಗಿಟಾರಿನ ಕೆಳಗಿನ ಇ 82. ಒಂದು ಸ್ಥಾಯಿ ಎತ್ತಿದರೆ ಸರಿಯಾಗಿ ಗಿಟಾರಿನ ಜಾಗಕ್ಕೇ ಬಂದು ಕೂರುತ್ತದೆ. ಡಿಸ್ಟಾರ್ಶನ್ ಮೇಲಿನ ದಾರಿಯಲ್ಲಿ ಮಾತ್ರ ಇರುವುದರಿಂದ ಕೆಳನಾದ ಹಾಳಾಗುವುದಿಲ್ಲ.

ಆಕ್ಟೇವ್ ಪೆಡಲ್ ಕೊಳ್ಳುವಾಗ ಅದು ಪಾಲಿಫೋನಿಕ್ ಹೌದೇ ಎಂದು ಕೇಳಿ. ಎಲೆಕ್ಟ್ರೋ ಹಾರ್ಮೋನಿಕ್ಸ್‌ನ ಪಾಗ್ ಸರಣಿ, ಬಾಸ್ ಕಂಪನಿಯ ಓಸಿ 5 ಅಂಥವು. ಎರಡು ಮೂರು ಸ್ವರ ಒಟ್ಟಿಗೆ ಕೊಟ್ಟರೂ ಇವು ಗಲಿಬಿಲಿಯಾಗುವುದಿಲ್ಲ. ಹಳೆಯ ಅನಲಾಗ್ ಆಕ್ಟೇವ್ ಪೆಡಲಿಗೆ ಒಂದು ಸಲಕ್ಕೆ ಒಂದೇ ಸ್ವರ.

ಸಿಗ್ನಲ್ ಒಡೆಯಲು ಬರೀ ವೈ ಕೇಬಲ್ ಬೇಡ. ಪ್ಯಾಸಿವ್ ಪಿಕಪ್ಪಿನ ಮೇಲ್ಭಾಗ ಮಂಕಾಗುತ್ತದೆ. ಒಳಗೆ ಬಫರ್ (ಸಿಗ್ನಲ್ ಕುಂದದಂತೆ ಕಾಯುವ ಸರ್ಕ್ಯೂಟ್) ಇರುವ, ಒಂದು ಕಡೆ ಟ್ರಾನ್ಸ್‌ಫಾರ್ಮರ್ ಇರುವ ಎಬಿವೈ ಪೆಡಲ್, ಅಂದರೆ ಸಿಗ್ನಲನ್ನು ಎರಡು ದಾರಿ ಮಾಡುವ ಪೆಡಲ್, ತೆಗೆದುಕೊಳ್ಳಿ. ಎರಡು ಆಂಪ್ ಸೇರಿದ ತಕ್ಷಣ ಗ್ರೌಂಡ್ ಲೂಪಿನ (ಎರಡು ಆಂಪ್‌ಗಳ ಅರ್ತ್ ಸುತ್ತು ಸೇರುವುದರಿಂದ ಆಗುವ) ಗುಯ್ ಬರುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು ಕಡಿಯುತ್ತದೆ. ಹಮ್ ಹೋಗಲಿ ಅಂತ ಪ್ಲಗ್ಗಿನ ದಪ್ಪ ಪಿನ್, ಅಂದರೆ ಅರ್ತ್ ಪಿನ್ ಕಿತ್ತು ಹಾಕುವ ಅಭ್ಯಾಸ ಕೆಲವರಿಗೆ ಉಂಟು. ದಯವಿಟ್ಟು ಬೇಡ. ಒಂದು ಕೈ ಬೇಸಿನ ತಂತಿಯಲ್ಲಿ, ತುಟಿ ಮೈಕಿನಲ್ಲಿ, ಕಾಲಡಿ ಒದ್ದೆ ನೆಲ. ಅರ್ತ್ ಇಲ್ಲದಿದ್ದರೆ ಆ ಶಾಕ್ ಜೀವ ತೆಗೆಯಬಲ್ಲದು. ಹಾಡುವ ಮೊದಲು ಮೈಕಿಗೂ ತಂತಿಗೂ ನಡುವೆ ಮಲ್ಟಿಮೀಟರ್ ಹಿಡಿದು ಎಸಿ ವೋಲ್ಟೇಜ್ ನೋಡಿ. ಒಂದೆರಡು ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಮೈಕ್‌ಸೆಟ್ಟಿನವರನ್ನು ಕರೆಯಿರಿ, ಸರಿಯಾಗುವವರೆಗೆ ಮೈಕ್ ಮುಟ್ಟಬೇಡಿ.

ಎರಡೂ ಆಂಪ್ ಒಟ್ಟಿಗೆ ಹಾಕಿದಾಗ ಕೆಳನಾದ ಮಾಯವಾದರೆ ಎರಡರ ಫೇಸ್ ಉಲ್ಟಾ ಇದೆ, ಒಂದರ ಅಲೆ ಇನ್ನೊಂದನ್ನು ಅಳಿಸುತ್ತಿದೆ ಎಂದರ್ಥ. ಎಬಿವೈ ಪೆಡಲಿನ ಫೇಸ್ ಸ್ವಿಚ್ ಒತ್ತಿದರೆ ವಾಪಸ್ ಬರುತ್ತದೆ. ಗಿಟಾರ್ ಆಂಪಿಗೆ ಹೋಗುವ ದಾರಿಯಲ್ಲಿ 150 ಹರ್ಟ್ಸ್‌ಗಿಂತ ಕೆಳಗಿನದನ್ನು ತಗ್ಗಿಸಿ. ಗಿಟಾರ್ ಸ್ಪೀಕರಿನ ಕೋನ್ ಬೇಸಿನ ಏಟು ತಿನ್ನಲು ಮಾಡಿದ್ದಲ್ಲ.

ಬೇಸ್ ಆಂಪ್ 200 ವ್ಯಾಟಿಗಿಂತ ಕಡಿಮೆ ಇದ್ದರೆ ಜೋರಾಗಿ ಬಾರಿಸುವ ಡ್ರಮ್ಮರ್ ಎದುರು ಉಸಿರುಕಟ್ಟುತ್ತದೆ. ಕ್ಲಾಸ್ ಡಿ ಹೆಡ್ಡಿನ (ಸ್ಪೀಕರ್ ಇಲ್ಲದ ಹಗುರ ಆಂಪ್) ಮೇಲೆ 500 ವ್ಯಾಟ್ ಎಂದು ಬರೆದಿದ್ದರೆ ಅದು ಹೆಚ್ಚಾಗಿ 4 ಓಮ್ ಲೆಕ್ಕ. 8 ಓಮಿನ ಒಂದೇ ಸ್ಪೀಕರ್ ಹಾಕಿದರೆ ಹೆಚ್ಚುಕಡಿಮೆ ಅರ್ಧ ಮಾತ್ರ.

ಎರಡು ಆಂಪಿಗೆ ದುಡ್ಡಿಲ್ಲವೇ? ಒಂದು ಬೇಸ್ ಆಂಪ್ ಮತ್ತು ಶುದ್ಧ ಸಿಗ್ನಲ್ ಬೆರೆಸುವ ಬ್ಲೆಂಡ್ ಗುಬ್ಬಿ ಇರುವ ಡಿಸ್ಟಾರ್ಶನ್ ಪೆಡಲ್ ಇದ್ದರೆ ಶುರು ಮಾಡಬಹುದು. ಮೇಲಿನ ದಾರಿಯನ್ನು ನೇರ ಮಿಕ್ಸರಿಗೆ ಕೊಡುವುದಾದರೆ ಕೊನೆಯಲ್ಲಿ ಕ್ಯಾಬ್ ಸಿಮ್ಯುಲೇಟರ್ (ಗಿಟಾರ್ ಸ್ಪೀಕರಿನ ನಾದ ಅನುಕರಿಸುವ ಪೆಡಲ್) ಬೇಕು, ಇಲ್ಲದಿದ್ದರೆ ಡಿಸ್ಟಾರ್ಶನ್ ಕಿವಿಗೆ ಚುಚ್ಚುತ್ತದೆ. ಗಾನಮೇಳದ ಮೈಕ್‌ಸೆಟ್ಟಿನವರಿಗೆ ಹಿಂದಿನ ದಿನವೇ ಫೋನ್ ಮಾಡಿ ಬೇಸಿಗೆ ಎರಡು ಲೈನ್, ಎರಡು ಡಿಐ ಬಾಕ್ಸ್ (ಬೇಸಿನ ಸಿಗ್ನಲನ್ನು ನೇರ ಮಿಕ್ಸರಿಗೆ ಕೊಡುವ ಪೆಟ್ಟಿಗೆ) ಬೇಕು ಎಂದು ಹೇಳಿಡಿ. ವೇದಿಕೆಗೆ ಹೋಗಿ ಹೇಳಿದರೆ ಗಿಟಾರಿನವರು ಎಲ್ಲಿ ಅಂತ ಕೇಳುತ್ತಾರೆ.

ಹಂತ 7: ಮಳೆಗಾಲ ದಾಟಿಸುವುದು

ಜೂನ್ ಬಂತೆಂದರೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ. ಬೇಸಿನ ಮರವೂ ತೇವ ಹೀರಿ ಉಬ್ಬುತ್ತದೆ, ನೆಕ್ ಆಡುತ್ತದೆ. ಯಾವ ಕಡೆಗೆ ಬಾಗುತ್ತದೆ ಎನ್ನುವುದು ಆಯಾ ಮರದ ಮೇಲೆ. ಆದ್ದರಿಂದ ಊಹಿಸಿ ತಿರುಗಿಸಬೇಡಿ, ಮೇಲೆ ಹೇಳಿದ ವಿಸಿಟಿಂಗ್ ಕಾರ್ಡ್ ಪರೀಕ್ಷೆ ಮಾಡಿ. ಟ್ರಸ್ ರಾಡನ್ನು ಒಂದು ಸಲಕ್ಕೆ ಎಂಟನೇ ಒಂದು ಸುತ್ತು, ಜಾಸ್ತಿ ಅಂದರೆ ಕಾಲು ಸುತ್ತು. ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ಕೊಳ್ಳುವಾಗಲೇ ರೋಸ್ಟೆಡ್ ಮೇಪಲ್ ನೆಕ್ ಸಿಕ್ಕಿದರೆ ಸ್ವಲ್ಪ ಜಾಸ್ತಿ ಕೊಡಬಹುದು, ಅದು ತೇವಕ್ಕೆ ಕಡಿಮೆ ಅಲುಗುತ್ತದೆ.

ಹಂಚಿನ ಮನೆಯ ಅಟ್ಟ, ಹೊರಗೋಡೆ, ಅಡಿಕೆ ರಾಶಿ ಹಾಕುವ ಕೋಣೆ ಮೂರೂ ಬೇಡ. ಒಳಗಿನ ಕೋಣೆಯಲ್ಲಿ ಸ್ಟ್ಯಾಂಡಿನ ಮೇಲೆ ಗಾಳಿಗೆ ಇರಲಿ. ಒದ್ದೆಯಾದ ಬ್ಯಾಗಿನೊಳಗೆ ವಾರಗಟ್ಟಲೆ ಇಟ್ಟರೆ ರೋಸ್‌ವುಡ್ ಫಿಂಗರ್‌ಬೋರ್ಡಿನ ಮೇಲೆ ಬಿಳಿ ಬೂಸ್ಟು ಬರುತ್ತದೆ. ಬ್ಯಾಗಿನಲ್ಲೇ ಇಡಬೇಕಾದರೆ ಸಿಲಿಕಾ ಜೆಲ್ ಚೀಲ ಹಾಕಿ, ಅದನ್ನು ಆಗಾಗ ಬದಲಿಸಿ. ಬೂಸ್ಟು ಬಂದರೆ ಒಣ ಬಟ್ಟೆಯಲ್ಲಿ ಒರೆಸಿ, ಫಿಂಗರ್‌ಬೋರ್ಡಿಗೆಂದೇ ಸಿಗುವ ಲೆಮನ್ ಆಯಿಲ್ ತೆಳುವಾಗಿ ಹಚ್ಚಿ. ವಾರ್ನಿಶ್ ಇರುವ ಮೇಪಲ್ ಫಿಂಗರ್‌ಬೋರ್ಡಿಗೆ ಎಣ್ಣೆ ಬೇಕಿಲ್ಲ.

ತಂತಿಯನ್ನು ನುಡಿಸಿದ ಮೇಲೆ ಪ್ರತಿ ಸಲ ಒರೆಸಿ, ಕೆಳಭಾಗವನ್ನೂ ಸೇರಿಸಿ. ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಕೋಟಿಂಗ್ ಇರುವ ತಂತಿಗೆ ದುಡ್ಡು ಜಾಸ್ತಿ, ಆದರೆ ಮಳೆಗಾಲದ ಮಟ್ಟಿಗೆ ಲೆಕ್ಕ ಸರಿಹೋಗುತ್ತದೆ. ಸಾದಾ ತಂತಿ ಎರಡು ತಿಂಗಳಲ್ಲಿ ಮಂಕಾದರೆ ನಿಮ್ಮ ಮೇಲಿನ ದಾರಿಯ ಹರಿತವೂ ಅದರ ಜೊತೆಗೇ ಹೋಗುತ್ತದೆ.

ಮಳೆ ಬಿಟ್ಟು ತುಲಾ ಮಾಸ ಕಳೆಯುವಾಗ ಗಾಳಿ ಒಣಗುತ್ತದೆ, ನೆಕ್ ಮತ್ತೆ ಆಡುತ್ತದೆ. ಉತ್ಸವಗಳ ಸೀಸನ್ ಶುರುವಾಗುವ ಮೊದಲು ಹೊಸ ತಂತಿ ಹಾಕಿ, ನೆಕ್ ಅಳೆದು, 12ನೇ ಫ್ರೆಟ್ಟಿನಲ್ಲಿ ತಂತಿಯ ಎತ್ತರ 2ರಿಂದ 2.5 ಮಿ.ಮೀ. ಒಳಗೆ ತಂದು, ಕೊನೆಗೆ ಹಾರ್ಮೋನಿಕ್ ಪರೀಕ್ಷೆ ಮಾಡಿ. ಈ ಅನುಕ್ರಮ ತಪ್ಪಿಸಬೇಡಿ. ನೆಕ್ ಸರಿ ಮಾಡುವ ಮೊದಲು ಹಾರ್ಮೋನಿಕ್ ಸರಿ ಮಾಡಿದರೆ ಎರಡು ಸಲ ಅದೇ ಕೆಲಸ ಮಾಡಬೇಕಾಗುತ್ತದೆ.